ತಾನೇ ನಿಂತು ತಾನೇ ಎಚ್ಚರಾಗುವ ಗಾಡಿ

ಗಾಡಿ ಓಡಿಸುವುದರಲ್ಲಿ ಹೆಸರು ಮಾಡಿದವರು ಪುಣೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಗಾಡಿ ಬಂದ್ ಮಾಡುವುದರಲ್ಲಿ ಹೆಸರು ಮಾಡಿದವರು ನಮ್ಮ ಕಾಕಾ ಒಬ್ಬರೇ! ನಮ್ಮಪ್ಪನ ಈ ತಮ್ಮ ಧಾರವಾಡದ ಕಡೆಯಿಂದ ನೌಕರಿಗೆಂದು ಬಂದು ಪುಣೆಯ ಹತ್ತಿರದ ನಿಗಡಿಯಲ್ಲಿ ಮನೆ ಮಾಡಿದ್ದರು. ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾನು ಅವರ ಮನೆಯಲ್ಲಿದ್ದುಕೊಂಡೇ ಕಾಲೇಜು ಓದಿದೆ, ಆಮೇಲೆ ಅಲ್ಲೇ ಹತ್ತಿರದಲ್ಲಿ ನೌಕರಿಯನ್ನೂ ಹಿಡಿದೆ. ಹಾಗಾಗಿ ಇಲ್ಲಿ ಹೇಳುತ್ತಿರುವುದೆಲ್ಲ ನಾನು ಅವರ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕಣ್ಣಾರೆ ಕಂಡದ್ದು.

ಕಾಕಾ ಅವರ ಸಿದ್ಧಾಂತ ಸರಳವಾಗಿತ್ತು. ನಿಂತ ಗಾಡಿಯ ಎಂಜಿನ್ ನಡೆಯಬಾರದು. ಸಿಗ್ನಲ್ ಕೆಂಪಾಯಿತೋ, ಕೀಲಿ ತಿರುಗಿತು. ಎಮ್ಮೆ ಅಡ್ಡ ಬಂತೋ, ಕೀಲಿ ತಿರುಗಿತು. ಮುಂದಿನ ರಿಕ್ಷಾದಿಂದ ಯಾರೋ ಅಜ್ಜಿ ಇಳಿಯುತ್ತಿದ್ದರೂ ಸರಿ, ಅಜ್ಜಿಯ ಎರಡನೇ ಕಾಲು ನೆಲಕ್ಕೆ ಬರುವಷ್ಟರಲ್ಲಿ ನಮ್ಮ ಎಂಜಿನ್ ತಣ್ಣಗಾಗಿರುತ್ತಿತ್ತು. "ನಿಂತ ಮ್ಯಾಲೂ ಕುಡೀತದಂದ್ರ ಅದು ಗಾಡಿ ಅಲ್ಲ, ವ್ಯಸನ" ಎನ್ನುತ್ತಿದ್ದರು.

ಈ ಸಿದ್ಧಾಂತ ರಸ್ತೆಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅದು ಮನೆಯೊಳಗೂ ಬಂತು. ಬಂದ ಅತಿಥಿಗಳು ನೀರು ಕುಡಿಯಲು ಒಳಗೆ ಎದ್ದುಹೋದರೆ ಪಡಸಾಲೆಯ ಫ್ಯಾನು ಬಂದ್. ಕುಕ್ಕರ್ ಒಂದು ಸೀಟಿ ಹಾಕಿತೆಂದರೆ ಗ್ಯಾಸು ಬಂದ್. "ಉಳದದ್ದು ಒಳಗಿನ ಬಿಸಿಗೇ ಬೇಯ್ತದ" ಎಂಬ ಭರವಸೆ ಬೇರೆ. ಒಳಗಿನ ಬಿಸಿಗೆ ಬೆಂದ ತೊಗರಿಬೇಳೆಯನ್ನು ನೀವು ಎಂದಾದರೂ ತಿಂದಿದ್ದೀರಾ? ನಮ್ಮ ಮನೆಯಲ್ಲಿ ಸಾರನ್ನು ಅಗಿದು ತಿನ್ನುತ್ತಿದ್ದೆವು. ಕಾಕಾ ಅವರ ಹೆಂಡತಿ, ನಮ್ಮ ಕಾಕೂ, ಇದನ್ನೆಲ್ಲ ನಕ್ಕು ಸಹಿಸಿಕೊಂಡಿದ್ದಳು. ಅವಳು ಸಹಿಸದೇ ಹೋದದ್ದು ಮುಂಜಿವೆಯ ದಿನದ ಪ್ರಕರಣವನ್ನು.

ಅದು ತೊಂಬತ್ತರ ದಶಕದ ಮಾತು. ಕಾಕಾ ಅವರಲ್ಲಿ ಒಂದು ಹಳೆಯ ಕಾರಿತ್ತು. ಹೆಜ್ಜೆಹೆಜ್ಜೆಗೂ ಆರಿಸಿ ಹಚ್ಚಿ, ಆರಿಸಿ ಹಚ್ಚಿ, ಪಾಪ, ಅದರ ಸ್ಟಾರ್ಟರ್ ಮೋಟರು ಸವೆದುಹೋಗಿತ್ತು. ಬ್ಯಾಟರಿಯೂ ಕೈ ಚೆಲ್ಲಿ ಕೂತಿತ್ತು. ಪುಣೆಯ ಡೆಕ್ಕನ್ ಬಡಾವಣೆಯಲ್ಲಿ ಕಾಕೂನ ತವರಿನವರ ಮನೆಯಲ್ಲಿ ಮುಂಜಿವೆ, ಅಂದರೆ ಉಪನಯನ. ಕಾಕೂ ಹೊಸ ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಉಂಡಿಯ ಡಬ್ಬಿ ಇಟ್ಟುಕೊಂಡು ಮುಂದೆ ಕೂತಿದ್ದಳು. ಸಿಗ್ನಲ್‌ನಲ್ಲಿ ಕಾಕಾ ಎಂಜಿನ್ ಆರಿಸಿದರು. ಹಸಿರು ಬಂತು. ಕಾರು ಏಳಲಿಲ್ಲ.

"ಒಂಚೂರು ಇಳದು ದಬ್ಬು" ಎಂದರು ಕಾಕಾ, ಒಂಚೂರು ಉಪ್ಪು ಹಾಕು ಎನ್ನುವ ಧಾಟಿಯಲ್ಲಿ.

ಕಾಕೂ ಇಳಿದಳು, ನಾನೂ ಇಳಿದೆ. ಇಬ್ಬರೂ ದಬ್ಬಿದೆವು. ಟ್ರಾಫಿಕ್ ಪೊಲೀಸನೊಬ್ಬ ನೆರಳಲ್ಲಿ ನಿಂತು, "ಕಾಕೂ, ಜರಾ ಜೋರಾತ್ ಢಕಲಾ" ಎಂದು, ಇನ್ನೂ ಜೋರಾಗಿ ದಬ್ಬುವಂತೆ ಮರಾಠಿಯಲ್ಲಿ ಹುರಿದುಂಬಿಸಿದ. ಅಷ್ಟು ಸಾಲದೆಂಬಂತೆ ಪಕ್ಕದಲ್ಲಿ ಬಂದು ನಿಂತ ಸಿಟಿ ಬಸ್ಸಿನ ಕಿಟಕಿಯಲ್ಲಿ ಕಾಕೂನ ಭಜನಾ ಮಂಡಳಿಯ ಅರ್ಧ ಸದಸ್ಯೆಯರು ಕೂತಿದ್ದರು. ಅವರಲ್ಲೊಬ್ಬರು ಕೈಬೀಸಿದ್ದನ್ನೂ ನಾನು ನೋಡಿದೆ.

ಮನೆಗೆ ಬಂದ ಮೇಲೆ ಕಾಕೂ ಕೂಗಾಡಲಿಲ್ಲ. ಸೀರೆಯ ಅಂಚಿಗೆ ಹತ್ತಿದ್ದ ಕರಿ ಗ್ರೀಸನ್ನು ತಿಕ್ಕುತ್ತಾ ಹೇಳಿದಳು. "ಇನ್ನ ನಿಮ್ಮ ಗಾಡ್ಯಾಗ ನಾ ಕೂಡೂದಿಲ್ಲ. ತಾನ ನಿಂತು ತಾನ ಚಾಲೂ ಆಗೂ ಗಾಡಿ ಸಿಕ್ಕರ ಕರೀರಿ, ಬರ್ತೀನಿ."

ಸೂರ್ಯ ಪಶ್ಚಿಮಕ್ಕೆ ಹುಟ್ಟಿದಾಗ ನೋಡೋಣ ಎನ್ನುವಂತೆ ಹೇಳಿದ ಮಾತದು. ಅಂಥ ಗಾಡಿ ಎಲ್ಲಿತ್ತು ಆಗ? ಅಂದಿನಿಂದ ಒಂದೇ ಮದುವೆಗೆ ಕಾಕಾ ಕಾರಿನಲ್ಲಿ, ಕಾಕೂ ಬಸ್ಸಿನಲ್ಲಿ. ಎಷ್ಟೋ ಸಲ ಬಸ್ಸೇ ಮೊದಲು ಮುಟ್ಟುತ್ತಿತ್ತು. ಕಾಕಾ ಬಸ್ಸಿನ ಹಿಂದೆಯೇ ಕಾರು ಓಡಿಸುತ್ತಾ, ಅದರ ಹೊಗೆ ಕುಡಿಯುತ್ತಾ, ಕಾಕೂಗೆ ಕೂಡಲು ಸೀಟು ಸಿಕ್ಕಿದೆಯೋ ಇಲ್ಲವೋ ಎಂದು ಬಸ್ಸಿನ ಹಿಂದಿನ ಗಾಜಿನಲ್ಲಿ ಇಣುಕುತ್ತಿದ್ದರು. ಒಮ್ಮೆ ನಾನು ಮುಂದಿನ ಬಾಗಿಲು ತೆಗೆದೆ. "ಹಿಂದ ಕೂಡು. ಅದು ನಿಮ್ಮ ಕಾಕೂನ ಜಾಗಾ" ಎಂದರು. ಇನ್ನೂ ಬಾರದ ಅತಿಥಿಗೆ ಕಾಯ್ದಿರಿಸಿದ ಪಂಕ್ತಿಯ ಎಲೆಯಂತೆ ಆ ಸೀಟು ವರ್ಷಗಟ್ಟಲೆ ಖಾಲಿ ಉಳಿಯಿತು.

ನಿವೃತ್ತಿಯಾದ ಮೇಲೆ, ಎರಡು ಸಾವಿರದ ದಶಕದ ಕೊನೆಯಲ್ಲಿ, ಒಂದು ದಿನ ಕಾಕಾ ಊಟಕ್ಕೆ ಕೂತವರೇ ಘೋಷಿಸಿದರು. "ಸಿಕ್ತು. ಹೈಬ್ರಿಡ್."

ಹೈಬ್ರಿಡ್ ಎಂದರೆ ಜೋಳದ ಬೀಜ ಎಂದುಕೊಂಡಿದ್ದ ನಮಗೆ ಅವರು ತಟ್ಟೆಯ ಮೇಲೆಯೇ ಪಾಠ ಮಾಡಿದರು. ಉಪ್ಪಿನಕಾಯಿ ಹೋಳು ಎಂಜಿನ್, ಚಟ್ನಿ ಬ್ಯಾಟರಿ.

"ನೋಡ್ರಿ, ಹಳೇ ಗಾಡ್ಯಾಗ ಇಬ್ಬರು ಇರ್ತಾರ. ಒಬ್ಬಾಂವ ಸ್ಟಾರ್ಟರ್. ಎಂಜಿನ್ ಎಬ್ಬಸ್ತಾನ, ಆಮ್ಯಾಲ ದಾರಿ ಪೂರ್ತಿ ಮಲಗ್ತಾನ. ಇನ್ನೊಬ್ಬಾಂವ ಜನರೇಟರ್. ಎಂಜಿನ್ ತಿರಗೂ ಮುಂದ ಕರೆಂಟ್ ಗಳಿಸಿ ಬ್ಯಾಟರಿ ತುಂಬ್ತಾನ. ಈ ಹೊಸಾ ಗಾಡ್ಯಾಗ ಎರಡೂ ಕೆಲಸಕ್ಕ ಒಂದ ಮಶಿನ್. ಬೆಲ್ಟಿನಿಂದ ಎಂಜಿನ್‌ಗೆ ಕಟ್ಟಿರ್ತದ. ಎಂಜಿನ್ ಇದನ್ನ ತಿರಗಿಸಿದ್ರ ಕರೆಂಟ್ ಆಗ್ತದ. ಬ್ಯಾಟರಿ ಕರೆಂಟ್ ಕೊಟ್ರ ಇದು ಎಂಜಿನ್ ತಿರಗಸ್ತದ. ಸಿಗ್ನಲಿಗೆ ನಿಂತು, ನ್ಯೂಟ್ರಲ್ ಹಾಕಿ ಕ್ಲಚ್ ಬಿಟ್ರ ಎಂಜಿನ್ ತಾನ ಬಂದ್. ಕ್ಲಚ್ ಒತ್ತಿದ್ರ ಇದು ಗಪ್ಪಂತ ಎಬ್ಬಸ್ತದ. ಖರ್ ಅನ್ನೂದಿಲ್ಲ, ಗುರ್ ಅನ್ನೂದಿಲ್ಲ. ಗಾಡಿ ನಿಧಾನ ಆಗೂ ಮುಂದ ಸುಮ್ನ ಹಾಳಾಗೂ ಶಕ್ತಿನೂ ಹಿಡದಿಡ್ತದ."

ಕಾಕೂ ರೊಟ್ಟಿ ಬಡಿಸುತ್ತಾ ಕೇಳಿಸಿಕೊಂಡಳು. "ಮುಂಜಾನೆ ನಿಮ್ಮನ್ನ ಎಬ್ಬಸೂದೂ ನಾನ, ದಿನಾ ಪೂರ್ತಿ ದುಡಿಯೂದೂ ನಾನ. ನನಗ ಯಾರೂ ಹೈಬ್ರಿಡ್ ಅಂದಿಲ್ಲ."

ಗಾಡಿ ಬಂತು. ಕಾಕೂ ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟಳು, ಆದರೆ ಹತ್ತಲಿಲ್ಲ. "ಮೊದಲ ನೀವು ನೋಡಿಬರ್ರಿ. ನನ್ನ ಮತ್ತ ರಸ್ತೇದಾಗ ಇಳಸಬ್ಯಾಡ್ರಿ" ಎಂದಳು.

ಕಾಕಾ ನನ್ನನ್ನು ಹಿಂದೆ ಕೂಡಿಸಿಕೊಂಡು ಹೊರಟರು. ಮೊದಲ ಸಿಗ್ನಲ್. ಎಂಜಿನ್ ನಿಂತಿತು. ಹಸಿರಾಯಿತು, ಕ್ಲಚ್ ಒತ್ತಿದರು. ಗಾಡಿ ಮಿಸುಕಲಿಲ್ಲ. ಕೀಲಿ ತಿರುಗಿಸಿದ ಮೇಲೆಯೇ ಎದ್ದಿತು. ಎರಡನೆಯ ಸಿಗ್ನಲ್ಲಿನಲ್ಲೂ ಅದೇ ಕಥೆ. ಕಾಕಾ ಅವರ ಮುಖ ಬಾಡಿತು. ವರ್ಕ್‌ಶಾಪಿಗೆ ಒಯ್ದರೆ ಅಲ್ಲಿಯವರು ಓಡಿಸಿ ನೋಡಿ, ಎಲ್ಲ ಸರಿಯಾಗಿದೆ ಎಂದು ಕಳಿಸಿದರು. ಅವರು ಓಡಿಸಿದರೆ ತಾನೇ ಏಳುತ್ತದೆ, ಕಾಕಾ ಓಡಿಸಿದರೆ ಏಳುವುದಿಲ್ಲ! ಗಾಡಿಗೂ ಮನುಷ್ಯರ ಮೇಲೆ ಹಗೆ ಇರುತ್ತದೆಯೇ?

ಮರಳಿ ಬರುವಾಗ ನಾನು ಹಿಂದಿನಿಂದ ಮುಂದೆ ಬಾಗಿ ನೋಡುತ್ತಾ ಕೂತೆ. ಗುಟ್ಟು ತಿಳಿಯಿತು. ಗಾಡಿ ನಿಲ್ಲುವುದೇ ತಡ, ಕಾಕಾ ಅವರ ಬಲಗೈ ಕೀಲಿ ತಿರುಗಿಸಿಬಿಡುತ್ತಿತ್ತು. ಆ ಮಶಿನ್ ಯೋಚಿಸಲು ಒಂದು ಕ್ಷಣ ಬೇಕಲ್ಲ, ಅದಕ್ಕೂ ಮೊದಲೇ! ಕೀಲಿಯಿಂದ ಆರಿಸಿದ ಎಂಜಿನ್ ಬರೀ ಕ್ಲಚ್ ಒತ್ತಿದರೆ ಏಳುವುದಿಲ್ಲ.

"ಕಾಕಾ, ಕೈ ತಗೀರಿ."

"ಎಲ್ಲಿಂದ?"

"ಕೀಲಿಯಿಂದ. ನೀವ ಬಂದ್ ಮಾಡ್ಲಿಕ್ಕತ್ತೀರಿ."

ಅವರು ತಮ್ಮ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು. ಮುಂದಿನ ಸಿಗ್ನಲ್ಲಿನಲ್ಲಿ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡರು. ಅಲ್ಲಿಂದಲೂ ಅದು ನುಸುಳಿ ಹೋಗಿ ಕೀಲಿ ತಿರುಗಿಸಿತು. ಇಷ್ಟು ವರ್ಷ ಕಲಿತ ಕೈ, ನಿವೃತ್ತಿಯಾದದ್ದು ಅದಕ್ಕೆ ಗೊತ್ತೇ ಇರಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಕಾಕಾ ಮೆಲ್ಲಗೆ ಹೇಳಿದರು. "ಗಾಡಿ ಬರೋಬರ್ ಅದ. ನಾನ ಖರಾಬ್ ಆಗೇನಿ. ಮಾರಿಬಿಡ್ತೀನಿ."

ಸದಾ ವಾದಕ್ಕೆ ನಿಲ್ಲುವ ಮನುಷ್ಯ ಹೀಗೆ ಸೋತು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಾಕೂನೂ ಕೇಳಿರಲಿಲ್ಲ ಅನಿಸುತ್ತದೆ. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು, ಸೆರಗಿಗೆ ಕೈ ಒರೆಸಿಕೊಂಡಳು, ನನ್ನಿಂದ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡಳು. ಆಮೇಲೆ ಚಪ್ಪಲಿ ಮೆಟ್ಟಿ, "ನಡೀರಿ, ನಾ ಬರ್ತೀನಿ" ಎಂದಳು.

ಮುಂದಿನ ಸೀಟಿನಲ್ಲಿ ಕೂತಳು, ನಾನು ಎಂದಿನಂತೆ ಹಿಂದೆ. ಕಾಕಾ ಗಾಡಿ ಹೊರಡಿಸಿದರು. ಚಿಂಚವಾಡದ ಸಿಗ್ನಲ್ ಕೆಂಪಾಯಿತು. ಗಾಡಿ ನಿಂತಿತು. ಕಾಕಾ ಅವರ ಕೈ ಹೊರಟಿತು. ಕಾಕೂ ಅಡ್ಡ ಬಾಗಿ ಆ ಕೈಯನ್ನು ಹಿಡಿದು ತನ್ನ ಕಡೆ ಎಳೆದುಕೊಂಡಳು. ನಾಲ್ಕು ಜನರೆದುರು ಗಂಡನ ಪಕ್ಕದಲ್ಲಿ ನಡೆಯಲೂ ನಾಚುತ್ತಿದ್ದವಳು, ನಡುರಸ್ತೆಯಲ್ಲಿ ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.

ಎಂಜಿನ್ ತಾನೇ ನಿಂತಿತು. ಒಳಗೆಲ್ಲ ನಿಶ್ಶಬ್ದ.

"ನಿಂತಿತೇನು?"

"ಹೂಂ."

"ಮತ್ತ ಏಳ್ತದ?"

"ಕ್ಲಚ್ ಒತ್ತಿದ್ರ ಏಳ್ತದ."

ಹಸಿರಾಯಿತು. ಹಿಂದೆ ಹಾರ್ನುಗಳು ಶುರುವಾದವು. "ಒತ್ರಿ ಮತ್ತ" ಎಂದಳು ಕಾಕೂ, ಆದರೆ ಕೈ ಬಿಡಲಿಲ್ಲ.

"ಒತ್ತತೀನಿ, ತಡೀ" ಎಂದರು ಕಾಕಾ. ಅವರ ಧ್ವನಿ ಒದ್ದೆಯಾಗಿತ್ತು. ಜನ್ಮವಿಡೀ ಒಂದು ಹನಿ ಪೆಟ್ರೋಲು ಹಾಳುಮಾಡದ ಆ ಮನುಷ್ಯ ಅಂದು ಒಂದಿಡೀ ಹಸಿರು ಸಿಗ್ನಲ್ಲನ್ನು ಹಾಳುಮಾಡಿದರು. ಅದು ಮತ್ತೆ ಕೆಂಪಾಗುವವರೆಗೂ ಅವರು ಕ್ಲಚ್ ಒತ್ತಲಿಲ್ಲ.