ಮಡಚಿಟ್ಟ ಹಸು

ಎಲ್ಲ ಶುರುವಾದದ್ದು ಒಂದು ತುಂಡು ಸೀಮೆಸುಣ್ಣದಿಂದ.

ದನದ ಆಸ್ಪತ್ರೆಯ ಕಾಂಪೌಂಡರು ಬೆಳಿಗ್ಗೆ ಬೀಗ ತೆಗೆದವರೇ, ಲಸಿಕೆಯ ದಿನ ಬರೆಯುವ ಕರಿಹಲಗೆಯ ಮೇಲೆ 'ಮುಂದಿನ ವಾರ ಕಾಂಪೌಂಡರು ರಜೆ' ಎಂದು ಬರೆದರು. ಸುಮ್ಮನೆ ಹೋಗಿಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಹೇಳದೆ ಹೋಗುವುದು ಅವರ ಜಾಯಮಾನವಲ್ಲ. ಡಾಕ್ಟರ ಹುದ್ದೆ ಖಾಲಿ ಬಿದ್ದು ಅದೆಷ್ಟೋ ಕಾಲವಾಗಿತ್ತು. ಸುತ್ತಲಿನ ಹಸು ಎಮ್ಮೆಗಳೆಲ್ಲ ಇವರ ಬಲಗೈ ನಂಬಿಕೊಂಡು ಬಾಳುತ್ತಿದ್ದವು. ಆ ಕೈ ಭುಜದವರೆಗೆ ಯಾವುದಾದರೊಂದು ಹಸುವಿನೊಳಗೆ ಇರುತ್ತಿತ್ತೇ ಹೊರತು ಸ್ವಂತ ಅಂಗಿಯ ತೋಳಿನೊಳಗೆ ಇದ್ದದ್ದು ಕಡಿಮೆ. ಹಸುಗಳಿಗೂ ಅದೇನು ಹಟವೋ, ಇವರು ತಟ್ಟೆಗೆ ಕೈಯಿಟ್ಟಾಗ, ಇಲ್ಲವೇ ಕಣ್ಣಿಗೆ ನಿದ್ದೆ ಹತ್ತಿದಾಗಲೇ ಕರು ಹಾಕಬೇಕು. ಬಾಗಿಲು ಬಡಿಯುವ ಸದ್ದಿಗೆ ಬೆಚ್ಚಿ ಏಳದೆ ಬೆಳಗಾದದ್ದು ಅವರಿಗೆ ನೆನಪಿರಲಿಲ್ಲ.

ಅದಕ್ಕೇ ಈ ರಜೆ. ಹೆಂಡತಿಯ ತಮ್ಮ ತಂದುಕೊಟ್ಟ ಬಣ್ಣದ ಹಾಳೆಯಲ್ಲಿ ಒಂದು ಪುಟ್ಟ ದೇಶವಿತ್ತು. ದೇಶವೆಂದರೆ ಬರೀ ಬೆಟ್ಟ. ಮಲಗಿ ಕಾಲು ಚಾಚಿದರೆ ಪಕ್ಕದ ದೇಶದವರಿಗೆ ತಗಲೀತು, ಅಷ್ಟೇ ಜಾಗ. ಬೆಟ್ಟದ ಓರೆಯಲ್ಲಿ ಮರದ ಹೋಟೆಲು. ಸುತ್ತ ಹಿಮ, ನಡುವೆ ಹಬೆಯಾಡುವ ಬಿಸಿನೀರಿನ ಕೊಳ, ಅದರಲ್ಲಿ ಕತ್ತಿನವರೆಗೆ ಮುಳುಗಿ ಕಣ್ಣುಮುಚ್ಚಿದ ದಪ್ಪನೆಯ ಮನುಷ್ಯ. ತಿಂಡಿ ಹಾಸಿಗೆಗೇ ಬರುತ್ತದಂತೆ. ಕೈಕಾಲು ನೀವಲು ಬೇರೆ ಜನವಂತೆ. ಆದರೆ ಕಾಂಪೌಂಡರ ಜೀವ ಸಿಕ್ಕಿಕೊಂಡದ್ದು ಕೋಣೆಯ ಬಾಗಿಲಿಗೆ ನೇತುಹಾಕಿದ್ದ ಒಂದು ರಟ್ಟಿನಲ್ಲಿ. 'ದಯವಿಟ್ಟು ಎಬ್ಬಿಸಬೇಡಿ.' ಅಂಥದ್ದೊಂದು ರಟ್ಟು ಈ ಲೋಕದಲ್ಲಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಕೂಡಿಟ್ಟಿದ್ದನ್ನೆಲ್ಲ ಬಳಿದು ಒಂದು ವಾರಕ್ಕೆ ಕೋಣೆ ಹಿಡಿದಿದ್ದರು.

"ರೀ, ಈ ಮೂಲೇಲಿ ಹಸು ನೋಡಿ, ಎಷ್ಟ್ ಲಕ್ಷಣವಾಗಿದೆ! ಕೊರಳಲ್ಲಿ ಗಂಟೆ ಬೇರೆ," ಎಂದಿದ್ದಳು ಹೆಂಡತಿ.

ಕಾಂಪೌಂಡರು ಆ ಮೂಲೆಯನ್ನು ಹಿಂದಕ್ಕೆ ಮಡಚಿ, ಉಗುರಿನಿಂದ ಗಟ್ಟಿಯಾಗಿ ಗೀರಿ, ಹಾಳೆಯನ್ನು ಜೇಬಿಗಿಟ್ಟುಕೊಂಡಿದ್ದರು.

ಹಲಗೆಯನ್ನು ಮೊದಲು ಓದಿದವರು ಹಾಲಿನ ಡೇರಿಯ ಸೆಕ್ರೆಟರಿ.

"ಏನ್ರೀ ಕಾಂಪೌಂಡ್ರೇ, ರಜೆ ಅಂತ ಬರ್ದಿದ್ದೀರಿ?"

"ಹೂಂ. ಸ್ವಲ್ಪ ಊರಿಗೆ."

"ಯಾವ ಊರಿಗೆ? ನಿಮ್ದೂ ಇದೇ ಊರು, ನಿಮ್ಮ ಮಾವನ ಮನೆ ಹಿಂದಿನ ಬೀದಿ!"

ನಿಜ ಹೇಳಿದರೆ ಈ ಮನುಷ್ಯ ಡೇರಿಯ ಮೈಕಿನಲ್ಲೇ ಸಾರಿಬಿಡುತ್ತಾನೆ. ಕಾಂಪೌಂಡರು ಗಾಬರಿಯಲ್ಲಿ, "ಮೈ ಸರಿಯಿಲ್ಲ ಕಣ್ರೀ," ಎಂದುಬಿಟ್ಟರು.

ಹಾವಿಗೆ ಹೆದರಿ ಹುತ್ತದೊಳಗೆ ಕೈಯಿಟ್ಟ ಹಾಗಾಯಿತು. ಹಾಲಿನ ಕ್ಯಾನುಗಳು ಖಾಲಿಯಾಗಿ ಮನೆಗೆ ಮರಳುವಾಗ ಸುದ್ದಿಯನ್ನು ತುಂಬಿಕೊಂಡು ಹೋದವು. ಡೇರಿಯ ಬೀದಿಯಲ್ಲಿ ಅದು ಜ್ವರ. ಶಾಲೆಯ ಬೀದಿಯಲ್ಲಿ ಕಾಮಾಲೆ. ಊರಾಚೆ ತಲುಪುವಾಗ ಕಾಂಪೌಂಡರು ಉಳಿಯುವುದೇ ಅನುಮಾನ. "ಮುಂದಿನ ವಾರ ಅಂತ ತಾವೇ ಬರ್ದಿಟ್ಟಿದ್ದಾರೆ, ಪಾಪ," ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಅಂಗಳ ತುಂಬಿತು. ಮುಂದೆ ನಿಂತವಳು ಕರಿ ಹಸುವಿನ ಅಜ್ಜಿ. ಕೈಯಲ್ಲಿ ಬಾಟಲಿ.

"ಹೊಟ್ಟೆ ಉಬ್ಬರವಾ ಮಗಾ?"

"ಏನೂ ಇಲ್ಲ ಅಜ್ಜಿ."

"ನಮ್ ಕರಿಯೂ ಏನೂ ಇಲ್ಲ ಅನ್ನೋ ಹಾಗೇ ನಿಂತಿದ್ಳು. ನೀನೇ ಕೊಟ್ಟ ಔಷಧಿ ಇದು, ಅರ್ಧ ಉಳಿದಿತ್ತು. ಬಾಯ್ ತೆಗಿ."

"ಅಯ್ಯೋ, ಅದು ಹಸೂದು!"

"ಅಂಥಾ ಹಸೂಗೇ ಆಗುತ್ತಂತೆ, ನಿಮಗೆ ಆಗಲ್ವಾ?" ಎಂದರು ಸೆಕ್ರೆಟರಿ.

ಅಲ್ಲಿದ್ದವರೆಲ್ಲ ದನಗಳಿಗೆ ಔಷಧಿ ಕುಡಿಸುವಾಗ ಹಿಡಿದು ನಿಂತು ಪಳಗಿದ ಜನ. ಯಾರಿಗೂ ಏನೂ ಹೇಳಿಕೊಡಬೇಕಾಗಲಿಲ್ಲ. ಇಬ್ಬರು ಕತ್ತು ಮೇಲಕ್ಕೆತ್ತಿದರು, ಸೆಕ್ರೆಟರಿ ಮೂಗಿನ ಹೊಳ್ಳೆ ಒತ್ತಿ ಹಿಡಿದರು, ಇನ್ನೊಬ್ಬ ಗಂಟಲು ಸವರುತ್ತ "ಹೋ... ಹೋ... ಸುಮ್ನಿರು" ಎಂದ. ಅಜ್ಜಿ ಬಾಟಲಿಯನ್ನು ಬಾಯಿಯ ಓರೆಯಿಂದ ತೂರಿಸಿದಳು. ನಡುವೆ ಇಟ್ಟರೆ ಹಲ್ಲು ಕಚ್ಚುತ್ತದೆ, ಓರೆಯಲ್ಲಿಡಬೇಕು ಎಂದು ಅವಳಿಗೆ ಕಲಿಸಿದ್ದು ಕಾಂಪೌಂಡರೇ. ಒಂದಷ್ಟು ಗುಟುಕು ಇಳಿದೇ ಹೋಯಿತು. ಕೊನೆಗೆ ಅವರು ತಲೆ ಕೊಡವಿ ಅರಚಿದರು:

"ರೋಗ ಇಲ್ರಪ್ಪಾ! ಮಜಾ ಮಾಡೋಕೆ ಹೋಗ್ತಿದ್ದೀನಿ!"

ಹಿಡಿದ ಕೈಗಳು ಸಡಿಲವಾದವು. ಎಲ್ಲರ ಮುಖದಲ್ಲೂ ಕೊಂಚ ನಿರಾಸೆಯೇ ಕಂಡಿತು. ಜೇಬಿನಿಂದ ಹಾಳೆ ಹೊರಬಂತು. ಅದನ್ನು ಇಸಿದುಕೊಂಡವರು ಭೂಗೋಳ ಪಾಠ ಮಾಡಿ ನಿವೃತ್ತರಾದ ಹೆಡ್ಮಾಸ್ತರು.

"ಈ ದೇಶ ನಮ್ಮ ಶಾಲೆ ಭೂಪಟದಲ್ಲಿ ಮೊಳೆ ಹೊಡೆದ ಜಾಗದಲ್ಲಿ ಬರುತ್ತೆ. ಅದಕ್ಕೇ ನಾನು ಪಾಠ ಮಾಡಿರಲಿಲ್ಲ," ಎಂದರು ಗಂಭೀರವಾಗಿ. "ಹೋಗಿ ಬನ್ನಿ, ಸಂತೋಷ. ಆದ್ರೆ ನೀವು ಯಾರು ಅಂತ ಅವರಿಗೆ ಗೊತ್ತಿದೆಯೇನ್ರೀ?"

"ಗೊತ್ತಾಗೋದೇ ಬೇಡ ಸಾರ್."

"ಇದೇ ನಿಮ್ಮ ದೋಷ. ಹೇಳದೇ ಹೋದ್ರೆ ಬಚ್ಚಲ ಪಕ್ಕದ ಕೋಣೆ ಕೊಟ್ಟು ಕೂರಿಸ್ತಾರೆ. ನಾನು ಫೋನಲ್ಲಿ ಇಂಗ್ಲಿಷಿನಲ್ಲೇ ಮಾತಾಡ್ತೀನಿ." ಅಂಗೈ ಮೇಲೆ ಹೋಟೆಲಿನ ನಂಬರು ಬರೆದುಕೊಂಡು ಹಾಳೆ ಹಿಂತಿರುಗಿಸಿದರು.

ಕಾಂಪೌಂಡರು ಓಡಿಹೋಗಿ ಅವರ ಕೈ ಹಿಡಿದು ತಡೆಯಬೇಕೆಂದಿದ್ದರು. ಅಷ್ಟರಲ್ಲಿ ಅಜ್ಜಿಯ ಔಷಧಿ ಒಳಗೆ ಕೆಲಸ ಶುರುಮಾಡಿತ್ತು. ಓಡಿದರು ನಿಜ, ಬೇರೆ ದಿಕ್ಕಿಗೆ.

ಸಂಜೆ ಹಿಂಡಿದ ಬಟ್ಟೆಯಂತೆ ಮಂಚದ ಮೇಲೆ ಬಿದ್ದಿದ್ದಾಗ ಹೆಡ್ಮಾಸ್ತರು, ಸೆಕ್ರೆಟರಿ ಒಟ್ಟಿಗೇ ಬಂದರು.

"ಹೋಟೆಲಿನ ಯಜಮಾನರೇ ಸಿಕ್ಕಿದ್ರು!" ಹೆಡ್ಮಾಸ್ತರ ದನಿಯಲ್ಲಿ ಪಾಸಾದ ಹುಡುಗನ ಹಿಗ್ಗು. "ನಾನೇನು ಕಡಿಮೆ ಮಾಡಲಿಲ್ಲ. ಇವರ ಕೈ ಸೋಕಿದ್ರೆ ಅಡ್ಡ ಬಿದ್ದ ಕರು ತಾನಾಗಿ ತಿರುಗುತ್ತೆ ಅಂದೆ. ಪಾಪ, ಆ ಮನುಷ್ಯ ಅತ್ತೇಬಿಟ್ಟ ಕಣ್ರೀ."

"ಅಳೋದ್ಯಾಕೆ?" ಕಾಂಪೌಂಡರು ಮೊಣಕೈ ಊರಿ ಎದ್ದರು.

"ಆ ದೇಶ ನಿಂತಿರೋದೇ ಹಸೂ ಮೇಲಂತೆ. ಇಡೀ ಕಣಿವೆ ಹಸುಗಳು ಕರು ಹಾಕೋದು ಮುಂದಿನ ವಾರವೇ. ಇರೋ ಒಬ್ಬ ದನದ ಡಾಕ್ಟರು ಅದೇ ವಾರ ರಜೆ ಹಾಕಿ ಸಮುದ್ರ ನೋಡೋಕೆ ಹೊರಟಿದ್ದಾನಂತೆ. ನಿಮಗೆ ಊಟ, ವಸತಿ ಎಲ್ಲಾ ಬಿಟ್ಟಿ!"

"ಅಯ್ಯೋ, ಹಾಗಾದ್ರೆ ಇನ್ನೊಂದು ವಾರ ಇದ್ದೇ ಬರೋಣ," ಎಂದಳು ಹೆಂಡತಿ.

ಕಾಂಪೌಂಡರು ಹೆಡ್ಮಾಸ್ತರ ಕಡೆ ತಿರುಗಿದರು. "ಬಾಗಿಲಿಗೆ ಒಂದು ರಟ್ಟು ಹಾಕ್ತಾರಲ್ಲ ಸಾರ್... ಎಬ್ಬಿಸಬೇಡಿ ಅಂತ..."

"ಅದನ್ನ ತೆಗೆಸ್ತಾರಂತೆ. ಬದಲಿಗೆ ನಿಮ್ಮ ದಿಂಬಿನ ಪಕ್ಕಕ್ಕೇ ಒಂದು ಗಂಟೆ. ಕೊಟ್ಟಿಗೇಲಿ ಹಗ್ಗ ಎಳೆದ್ರೆ ಸಾಕು."

"ನಾನು ಹೋಗಲ್ಲ."

"ಹೋಗದೇ? ಊರಿನ ಪರವಾಗಿ ಮಾತು ಕೊಟ್ಟಿದ್ದೀನಿ ಕಣ್ರೀ!"

"ಹಲಗೇನೂ ಸರಿಮಾಡಿದ್ದೀನಿ," ಎಂದರು ಸೆಕ್ರೆಟರಿ. "ರಜೆ ಅನ್ನೋದನ್ನ ಅಳಿಸಿ, 'ಕೆಲಸದ ಮೇಲೆ' ಅಂತ ಬರ್ದೆ."

ಅವರು ಹೋದ ಮೇಲೆ ಕಾಂಪೌಂಡರು ಜೇಬಿನಿಂದ ಹಾಳೆ ತೆಗೆದರು. ಬಿಸಿನೀರಿನ ಕೊಳದಲ್ಲಿ ಆ ದಪ್ಪನೆಯ ಮನುಷ್ಯ ಇನ್ನೂ ಕಣ್ಣುಮುಚ್ಚಿಯೇ ಇದ್ದ. ಹಿಂದಕ್ಕೆ ಮಡಚಿದ್ದ ಮೂಲೆಯನ್ನು ಬಿಡಿಸಿದರು. ಗಂಟೆ ಕಟ್ಟಿದ ಕಂದು ಹಸು ಹುಲ್ಲು ಮೆಲ್ಲುತ್ತ ನೇರವಾಗಿ ಅವರನ್ನೇ ನೋಡುತ್ತಿತ್ತು. ಕೆಚ್ಚಲು ತುಂಬಿತ್ತು. ದಿನ ತುಂಬಿದ ಹೊಟ್ಟೆ ಕೆಳಗಿಳಿದಿತ್ತು. ಕಾಂಪೌಂಡರು ಹಾಳೆಯನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಅವರಿಗೇ ತಿಳಿಯದಂತೆ ಬಲಗೈಯ ಅಂಗಿತೋಳು ಮೇಲಕ್ಕೆ ಸರಿಯಿತು.

"ಏನ್ರೀ ಅಷ್ಟು ನೋಡ್ತಿದ್ದೀರಿ?" ಎಂದಳು ಹೆಂಡತಿ.

"ಕರು ಅಡ್ಡ ಇದೆ ಕಣೇ," ಎಂದರು ಕಾಂಪೌಂಡರು.