ಇಪ್ಪತ್ತೆರಡು ನಿಮಿಷದ ಮೆಮೊ

ಬೆಳಗ್ಗೆ ಹತ್ತಕ್ಕೇ ಟಪಾಲು ಗುಮಾಸ್ತೆಯ ಮೇಜಿನ ಮೇಲೆ ಮೆಮೊ ಕಾದು ಕೂತಿತ್ತು. ನಿನ್ನೆ ಆಕೆ ಇಪ್ಪತ್ತೆರಡು ನಿಮಿಷ ಕುರ್ಚಿಯಲ್ಲಿ ಇರಲಿಲ್ಲವಂತೆ, ಕಾರಣ ತಿಳಿಸಬೇಕಂತೆ. ಕಾರಣ ಇಡೀ ಕಚೇರಿಗೇ ಗೊತ್ತಿತ್ತು. ಹೆಂಗಸರ ಶೌಚಾಲಯದಲ್ಲಿ ಹಳೆಯ ಕಡತ ತುಂಬಿ ಬೀಗ ಜಡಿದು ಎಷ್ಟೋ ವರ್ಷವಾಗಿತ್ತು. ಅಲ್ಲಿಯ ಏಳು ಜನ ಹೆಂಗಸರೂ ರಸ್ತೆ ದಾಟಿ ಬಸ್ ನಿಲ್ದಾಣಕ್ಕೆ ಹೋಗಿಬರಬೇಕು. ಹೋಗಲು ಒಂಬತ್ತು ನಿಮಿಷ, ಬರಲು ಒಂಬತ್ತು. ದಿನಕ್ಕೆ ಮೂರು ಲೀಟರ್ ನೀರು ಕುಡಿಯದಿದ್ದರೆ ಮೂತ್ರಪಿಂಡ ಕೈಕೊಡುತ್ತದೆ ಎಂದು ಡಾಕ್ಟರು ಬೇರೆ ಹೆದರಿಸಿದ್ದರು. ಆಕೆ ಮೆಮೊಗೆ ಉತ್ತರ ಬರೆಯುವ ಬದಲು ದೂರು ಬರೆದಳು.

ದೂರಿಗೂ ಅಲ್ಲೊಂದು ಕ್ರಮವಿತ್ತು. ಮೊದಲು ಹಿರಿಯ ಗುಮಾಸ್ತರು, ಆಮೇಲೆ ಸೂಪರಿಂಟೆಂಡೆಂಟ್ ಮೇಡಂ, ಕೊನೆಗೆ ಸಾಹೇಬರು. ಹಿರಿಯ ಗುಮಾಸ್ತರು ಕನ್ನಡಕ ಏರಿಸಿ ಓದಿ, ಇಂಥ ಪದವೆಲ್ಲ ಸಾಹೇಬರ ಮೇಜಿಗೆ ಹೋಗಬಾರದೆಂದು 'ಶೌಚಾಲಯ' ಇದ್ದಲ್ಲೆಲ್ಲ 'ಸದರಿ ಸ್ಥಳ' ಎಂದು ತಿದ್ದಿದರು. ನೀರನ್ನೇ ಕಡಿಮೆ ಕುಡಿದರೆ ದೂರಿನ ಗೊಡವೆಯೇ ಇರದಲ್ಲ ಎಂದು ಪಕ್ಕದ ಮೇಜಿನವನು ಪುಕ್ಕಟೆ ಸಲಹೆ ಕೊಟ್ಟ. ಮೇಡಂ ತಲೆಯನ್ನೂ ಎತ್ತಲಿಲ್ಲ. "ಇದೆಲ್ಲ ಯಾಕಮ್ಮ ನಿಂಗೆ? ಕೆಲಸಕ್ಕೆ ಸಂಚಕಾರ ತಂದ್ಕೋಬೇಡ" ಎಂದು ಸಹಿ ಗೀಚಿದರು. ಹೆಂಗಸಾಗಿ ಇವರೂ ಹೀಗೆಯೇ ಎಂದು ಆಕೆಗೆ ಅಳುವೇ ಬಂತು.

ಸಾಹೇಬರ ಎದುರು ನಿಲ್ಲುವ ಹೊತ್ತಿಗೆ ಮೂರು ಗಂಟೆ. ಇನ್ನೊಂದು ಮೆಮೊ ಬೇಡವೆಂದು ಆಕೆ ಬಸ್ ನಿಲ್ದಾಣಕ್ಕೂ ಹೋಗಿರಲಿಲ್ಲ. ಬಿಸಿ ನೆಲದ ಮೇಲೆ ನಿಂತವಳಂತೆ ಕಾಲು ಬದಲಿಸುತ್ತಿದ್ದಳು.

"ಸದರಿ ಸ್ಥಳ ಅಂದ್ರೆ ಯಾವ ಸ್ಥಳ?" ಎಂದರು ಸಾಹೇಬರು. ಆಕೆ ಬಿಡಿಸಿ ಹೇಳಿದಳು. "ಓ, ಅದಾ. ಅಲ್ಲಿರೋದು ಇತ್ಯರ್ಥ ಆಗ್ದೇ ಇರೋ ಕಡತಗಳಮ್ಮ. ಸುಡೋ ಹಾಗಿಲ್ಲ."

ಯಾವ ಕಡತಗಳೆಂದು ಸಾಹೇಬರಿಗೂ ತಿಳಿಯದು. ಪೀಡೆ ತೊಲಗಿದರೆ ಸಾಕೆಂದು ನೋಡಿಬರಲು ಬೀಗದ ಕೈ ಕೊಟ್ಟರು.

ಬಾಗಿಲು ತೆರೆದರೆ ಸೂರಿನವರೆಗೂ ಕಟ್ಟುಗಳು. ಒಂದು ಬಿಚ್ಚಿದಳು, ಇನ್ನೊಂದು ಬಿಚ್ಚಿದಳು. ಎಲ್ಲವೂ ಹೆಂಗಸರ ದೂರುಗಳು. ಬಡ್ತಿ ತಪ್ಪಿಸಿದ್ದು, ಮೈಮೇಲೆ ಕೈ ಹಾಕಿದ್ದು, ಹೆರಿಗೆ ರಜೆಗೆ ಕತ್ತರಿ ಹಾಕಿದ್ದು, ಎಲ್ಲಕ್ಕಿಂತ ಹೆಚ್ಚಾಗಿ ಶೌಚಾಲಯ ತೆರೆಯಿರೆಂದು ಬೇಡಿದ್ದು. ನೆನಪೋಲೆ, ನಕಲು, ಉತ್ತರಕ್ಕೆ ಉತ್ತರ ಸೇರಿ ಒಂದೊಂದೂ ದಿಂಬಿನಷ್ಟು ದಪ್ಪ. ದೂರು ಇತ್ಯರ್ಥವಾಗದೆ ಕಡತ ಹೋಗದು, ಕಡತ ಹೋಗದೆ ದೂರು ಇತ್ಯರ್ಥವಾಗದು. ತೀರ ತಳದ ಕಾಗದದ ಅಕ್ಷರ ಮಾತ್ರ ಪರಿಚಯದ್ದಾಗಿತ್ತು.

ಅದನ್ನು ಒಯ್ದು ಮೇಡಂ ಮುಂದಿಟ್ಟಳು. ಮೇಡಂ ಓದಿದರು. ಇಪ್ಪತ್ತಮೂರು ವರ್ಷದ ಹಿಂದಿನ ಸ್ವಂತ ಅಕ್ಷರವನ್ನು ಬೆರಳಿನಿಂದ ಸವರಿದರು.

"ಬಾಗಿಲಿಗೆ ಒಂದು ಚಿಲಕ ಕೇಳಿದ್ದೆ, ಅಷ್ಟೆ" ಎಂದರು. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡರು. "ಇತ್ಯರ್ಥ ಆಗ್ದೇ ಇರೋ ಕಡತ ಅಧಿಕಾರಿ ಕೋಣೇಲೇ ಇರ್ಬೇಕು ಅಂತ ನಿಯಮ ಇದೆ. ಎಲ್ಲರನ್ನೂ ಕರಿ."

ಏಳು ಜನ ಸಾಲಾಗಿ ಹೊತ್ತರು. ಸಾಹೇಬರ ಕಪಾಟು ತುಂಬಿತು, ಸೋಫಾ ತುಂಬಿತು, ಉಳಿದದ್ದು ಅವರ ಸ್ವಂತ ಶೌಚಾಲಯಕ್ಕೆ ಹೋಯಿತು. ಮೇಡಂ ನಿಯಮದ ಪುಸ್ತಕ ತೆರೆದು ಹಿಡಿದಿದ್ದರಿಂದ ಸಾಹೇಬರು ಕುರ್ಚಿ ಸರಿಸಿ ದಾರಿ ಬಿಟ್ಟರು.

ಮೊದಲು ಒಳಗೆ ಹೋದವಳು ಗುಮಾಸ್ತೆ. ಚಿಲಕ ಇಂದಿಗೂ ಇರಲಿಲ್ಲ. ಮೇಡಂ ಹೊರಗಿನಿಂದ ಬಾಗಿಲು ಎಳೆದು ಹಿಡಿದು ನಿಂತರು. ಆಹಾ, ಆ ಸುಖವನ್ನು ಬೆಳಗಿನಿಂದ ತಡೆದುಕೊಂಡವರೇ ಬಲ್ಲರು. ನಲ್ಲಿ ತಿರುಗಿಸಿದರೆ ಗಾಳಿ ಬುಸುಗುಟ್ಟಿತೇ ಹೊರತು ನೀರಿಲ್ಲ.

ಆಕೆ ಹಗುರಾಗಿ ಮೇಜಿಗೆ ಮರಳಿದಳು. ಅಲ್ಲಿ ಹೊಸ ಮೆಮೊ ಕೂತಿತ್ತು: ನಲವತ್ತು ನಿಮಿಷ ಕುರ್ಚಿಯಲ್ಲಿ ಇರಲಿಲ್ಲ, ಕಾರಣ ತಿಳಿಸತಕ್ಕದ್ದು. ಅಂಥದೇ ಏಳು ಮೆಮೊಗಳು ಏಳು ಮೇಜಿನ ಮೇಲಿದ್ದವು, ಮೇಡಂ ಮೇಜೂ ಸೇರಿ. ಅವಕ್ಕೆ ಸಹಿ ಹಾಕಿ ಮುಗಿಸಿದ ಸಾಹೇಬರು ಕಿಟಕಿಯಾಚೆ ದಾಪುಗಾಲು ಹಾಕುತ್ತ ಬಸ್ ನಿಲ್ದಾಣದ ಕಡೆ ರಸ್ತೆ ದಾಟುತ್ತಿದ್ದರು.

ಮೇಡಂ ಗಡಿಯಾರ ನೋಡಿ ಹೊತ್ತು ಬರೆದುಕೊಂಡರು. ಗುಮಾಸ್ತೆ ತನ್ನ ಮೆಮೊ ಮಗುಚಿ, ಅದರ ಬೆನ್ನಿಗೇ ನೀರಿನ ದೂರು ಬರೆಯತೊಡಗಿದಳು.

"ಚಿಲಕಾನೂ ಸೇರಿಸು" ಎಂದರು ಮೇಡಂ. "ಸದರಿ ಸ್ಥಳ ಅಂತ ಮಾತ್ರ ಬರೀಬೇಡ."