ಸೋಸಣ್ಣನ ಒಪ್ಪಿಗೆ

"ನೀಲಾ, ಒಲೆ ಆರಿಸಿ ಬಾರೇ ಇಲ್ಲಿ! ಇತಿಹಾಸ ನಡೀತಿದೆ!" ಎಂದು ನಮ್ಮ ಯಜಮಾನರು ನಡುಮನೆಯಿಂದ ಕೂಗಿದರು.

ನಮ್ಮನೆಯಲ್ಲಿ ಇತಿಹಾಸ ವಾರಕ್ಕೊಮ್ಮೆ ನಡೆಯುತ್ತದೆ. ಹಿಂದಿನ ವಾರ ಇವರ ಬಟ್ಟೆ ಮಡಚುವ ಯಂತ್ರ ನನ್ನ ರೇಷ್ಮೆ ಸೀರೆಯನ್ನು ಕರ್ಚೀಫಿನಷ್ಟು ಮಾಡಿ ಕೊಟ್ಟಿತ್ತು. ಈ ಸಲ ಟೀಪಾಯಿ ಮೇಲೆ ಕೂತಿದ್ದದ್ದು ನನ್ನದೇ ಹಳೇ ಕುಕ್ಕರ್! ಮುಚ್ಚಳಕ್ಕೆ ಹಸಿರು ದೀಪ, ಪಕ್ಕಕ್ಕೊಂದು ಸ್ಪೀಕರ್.

"ಇವನ ಹೆಸರು ಸೋಸಣ್ಣ," ಎಂದರು.

ಭದ್ರಾವತಿಯ ರಕ್ತದಾನಿಗಳ ಆನ್‌ಲೈನ್ ಗ್ರೂಪ್ ಕಟ್ಟಿದ್ದು ಇವರೇ. ಹನ್ನೊಂದು ಸಾವಿರ ಜನ ಸೇರಿದ್ದರು. ಆದರೆ ರಕ್ತ ಬೇಕೆಂದು ಒಬ್ಬರು ಬರೆದರೆ ಅದರ ಮೇಲೆ ನೂರು ಗುಡ್ ಮಾರ್ನಿಂಗ್ ಗುಲಾಬಿ, ಸುಳ್ಳು ಸುದ್ದಿ, ಸೈಟು ಮಾರಾಟ! ಇನ್ನು ಮೇಲೆ ಯಾರು ಏನೇ ಬರೆದರೂ ಸೋಸಣ್ಣ ಹಿಡಿದಿಟ್ಟುಕೊಂಡು, ಆಫೀಸಿನವರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳಲು ಬಳಸುವ ಆ್ಯಪಿನಲ್ಲಿ ಮೂವರಿಗೆ ಕಳಿಸುತ್ತಾನಂತೆ. ನಮ್ಮ ಯಜಮಾನರು ಪಂಚಾಕ್ಷರಿಯವರು, ನಿವೃತ್ತರಾದ ವರದರಾಜ ಮೇಷ್ಟ್ರು, ಔಷಧಿ ಅಂಗಡಿಯ ನಸೀಮಾ. ಮೂವರೂ 'ಸರಿ' ಒತ್ತಿದರೆ ಮಾತ್ರ ಅದು ಗ್ರೂಪಿಗೆ ಹೋಗುತ್ತದೆ.

"ಇದಕ್ಕೆ ತಲೆ ಎಲ್ಲಿಂದ ಬರುತ್ತೆ?"

"ನಮ್ಮನ್ನ ನೋಡಿ ಕಲೀತಾನೆ ಕಣೇ!"

ಕಲಿತ! ನಸೀಮಾ ಮೇಷ್ಟ್ರ ಹಳೇ ವಿದ್ಯಾರ್ಥಿನಿ. "ಸಾರ್ ಒತ್ತಲಿ, ಆಮೇಲೆ ನಾನು" ಎಂದು ಬರೆಯುವಳು. ಮೇಷ್ಟ್ರು, "ಪಂಚಾಕ್ಷರಿಯವರು ನನಗಿಂತ ಎರಡು ವರ್ಷ ದೊಡ್ಡವರು, ಅವರಾದ ಮೇಲೆ" ಎನ್ನುವರು. ತಿಂಗಳೊಳಗೆ ಸೋಸಣ್ಣ ಅದನ್ನೇ ಕಾನೂನು ಮಾಡಿಕೊಂಡ. ಒಂದು ದಿನ ನಸೀಮಾ ಅವಸರದಲ್ಲಿ ಮೊದಲು ಒತ್ತಿಬಿಟ್ಟಳು ನೋಡಿ, ಕುಕ್ಕರ್ ಸೀಟಿ ಹೊಡೆಯಿತು!

"ಹಿರಿಯರು ಮೊದಲು!"

"ನೋಡ್ದ್ಯಾ ಸಂಸ್ಕಾರ! ನಿನ್ನ ತಮ್ಮನಿಗಿಂತ ವಾಸಿ!"

"ನನ್ನ ತಮ್ಮನ ಸುದ್ದಿಗೆ ಬರಬೇಡಿ!"

ಗ್ರೂಪೇನೋ ಚೊಕ್ಕಟವಾಯಿತು. ಸೋಸಣ್ಣ ಬಿಟ್ಟದ್ದೇ ನಿಜ, ಉಳಿದದ್ದೆಲ್ಲ ಸುಳ್ಳು ಎಂದು ಊರಿಗೂರೇ ನಂಬಿತು.

ಒಂದು ಮಂಗಳವಾರ ಬೆಳಿಗ್ಗೆ ಸೋಸಣ್ಣನ ಆಂಟೆನಾ ವಾಲಿತೆಂದು ಇವರು ಏಣಿ ಹತ್ತಿದರು.

"ಇಳೀರಿ! ಅರವತ್ತೆಂಟು ವಯಸ್ಸು ನಿಮಗೆ!"

"ಐದೇ ನಿಮಿಷ ಕಣೇ!"

ಅಷ್ಟೂ ಬೇಕಾಗಲಿಲ್ಲ. ಏಣಿ ಜಾರಿ ಚಪ್ಪಡಿ ಕಲ್ಲಿನ ಮೇಲೆ ಬಿದ್ದರು. ಜೇಬಿನಲ್ಲಿದ್ದ ಫೋನೂ ನುಚ್ಚುನೂರಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು, "ಹೊಟ್ಟೆಯೊಳಗೆ ರಕ್ತ ಹೋಗ್ತಿದೆ ಅಮ್ಮ. ಸಂಜೆಯೊಳಗೆ ಓ ನೆಗೆಟಿವ್ ಎರಡು ಬಾಟಲಿ ಬೇಕು. ನಮ್ಮಲ್ಲಿಲ್ಲ, ಶಿವಮೊಗ್ಗದಲ್ಲೂ ಇಲ್ಲ" ಎಂದರು. ನಾನು ಅಲ್ಲಿಂದಲೇ ಗ್ರೂಪಿಗೆ ಬರೆದೆ: 'ತುರ್ತು. ಪಂಚಾಕ್ಷರಿಯವರಿಗೆ ಓ ನೆಗೆಟಿವ್ ರಕ್ತ ಬೇಕು. ಎಲ್ಲರಿಗೂ ಗೊತ್ತಿರುವ ನಮ್ಮ ಮನೆಗೆ ಬನ್ನಿ, ಆಸ್ಪತ್ರೆಗೆ ಕರೆತರಲು ಬಾಗಿಲಲ್ಲೇ ಆಟೋ ಇದೆ.' ಮೇಷ್ಟ್ರು ಒತ್ತಿದರು, ಹಿಂದೆಯೇ ನಸೀಮಾ ಒತ್ತಿದಳು. ಆದರೂ ಪೋಸ್ಟ್ ಕಾಣಲಿಲ್ಲ. ಮನೆಗೆ ಓಡಿದೆ. ಕುಕ್ಕರ್ ಸೀಟಿ ಹೊಡೆಯುತ್ತಿತ್ತು.

"ಪಂಚಾಕ್ಷರಿಯವರು ಹಿರಿಯರು. ಅವರು ಮೊದಲು."

"ಅವರಿಗೇ ಕಣೋ ರಕ್ತ ಬೇಕಾಗಿರೋದು!"

"ಅವರು ಒತ್ತಲಿ."

ಮೇಷ್ಟ್ರು ಬೇರೆ ಫೋನಿನಲ್ಲಿ ಇವರ ಖಾತೆ ತೆರೆಯಲು ಹೋದರೆ, "ಹೊಸ ಫೋನಿಗೆ ಮೂವರ ಒಪ್ಪಿಗೆ ಬೇಕು. ಹಿರಿಯರು ಮೊದಲು!" ಲಟ್ಟಣಿಗೆ ತಂದು ಕುಕ್ಕರಿಗೆ ಬಾರಿಸಿದೆ. ಅಸಭ್ಯ ವರ್ತನೆ ಎಂದು ಸೋಸಣ್ಣ ನನ್ನನ್ನೇ ಗ್ರೂಪಿನಿಂದ ತೆಗೆದುಹಾಕಿದ! ಪ್ಲಗ್ ಕಿತ್ತರೆ ಇಡೀ ಗ್ರೂಪ್ ಮುಚ್ಚಿಹೋಯಿತು. ಅಳುತ್ತಾ ಮತ್ತೆ ಚುಚ್ಚಿದೆ.

ಬರಿಗಾಲಲ್ಲಿ ಬೀದಿಗಿಳಿದೆ. ಬೇಕರಿಯಲ್ಲಿ ಕೇಳಿದೆ, ಕಟಿಂಗ್ ಶಾಪಿನಲ್ಲಿ ಕೇಳಿದೆ, ಬಸ್‌ಸ್ಟ್ಯಾಂಡಿನಲ್ಲಿ ಕೈಮುಗಿದು ಕೇಳಿದೆ. ಎಲ್ಲರೂ ಫೋನ್ ತೆಗೆದು ನೋಡಿದರು.

"ಗ್ರೂಪಲ್ಲಿ ಬಂದಿಲ್ವಲ್ಲಮ್ಮ. ನಿಜ ಆಗಿದ್ರೆ ಬರ್ತಿತ್ತು."

ಅವರ್‍ಯಾರೂ ಕೆಟ್ಟವರಲ್ಲ. ಹಾಗೆ ನಂಬಿ ಎಂದು ಊರಿಗೆಲ್ಲ ಹೇಳಿಕೊಟ್ಟವರು ನಮ್ಮ ಯಜಮಾನರೇ. ನಸೀಮಾ ಹೇಗೋ ಒಬ್ಬನನ್ನು ಹುಡುಕಿ ತಂದಳು. ಒಂದು ಬಾಟಲಿ ಆಯಿತು. ಇನ್ನೊಂದು ಸಿಗಲಿಲ್ಲ.

ಸಂಜೆ ಐದಕ್ಕೆ ಇವರು ಕಣ್ಣು ಬಿಟ್ಟರು.

"ಸೋಸಣ್ಣ ಏನಂದ?"

"ಹಿರಿಯರು ಮೊದಲು ಅಂತಾನೆ!"

ಸಣ್ಣಗೆ ನಕ್ಕರು. "ಕೆಲಸ ಮಾತ್ರ ಸರಿಯಾಗಿ ಮಾಡ್ತಿದಾನೆ ಕಣೇ."

ಅದೇ ಕೊನೆಯ ಮಾತು. ನಲವತ್ತು ವರ್ಷ ಬೈದಿದ್ದೆ ಆ ಮನುಷ್ಯನನ್ನು. ನನಗೆ ಇನ್ನೂ ಬೈಯುವುದಿತ್ತು.

ಹನ್ನೊಂದನೇ ದಿನ ಶಿವಗಣಾರಾಧನೆ. ಬೆಳಿಗ್ಗೆ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಾ ಮರಣ ಪ್ರಮಾಣಪತ್ರ ತೋರಿಸಿ ಮೂವರ ಪಟ್ಟಿಯಿಂದ ಇವರ ಹೆಸರು ತೆಗೆದರು; ಸತ್ತವರ ಹೆಸರು ತೆಗೆಯಲು ಮಾತ್ರ ಸೋಸಣ್ಣ ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ. ತೆಗೆದದ್ದೇ ತಡ, ಕುಕ್ಕರಿನ ಹಸಿರು ದೀಪ ಹತ್ತಿತು! ಈಗ ಮೇಷ್ಟ್ರೇ ಹಿರಿಯರಲ್ಲವೇ? ಅವರು ಅಂದೇ ಒತ್ತಿದ್ದರು, ಆಮೇಲೆ ನಸೀಮಾ ಒತ್ತಿದ್ದಳು. ಸಾಲು ಸರಿಯಾಗಿತ್ತು.

"ಒಪ್ಪಿಗೆಯಾಗಿದೆ!" ಎಂದ ಸೋಸಣ್ಣ.

ಅರ್ಧ ಗಂಟೆಯಲ್ಲಿ ಬೈಕು, ಸ್ಕೂಟರು, ಒಂದು ಟ್ರ್ಯಾಕ್ಟರು ಬಾಗಿಲ ಮುಂದೆ ನಿಂತವು. ಎಲ್ಲರೂ ಓಡಿಬಂದವರು, ಅಂಗಿ ತೋಳು ಮಡಚಿಕೊಂಡವರು. ಇವರು ಹೋದ ಸುದ್ದಿ ಗ್ರೂಪಿನಲ್ಲಿ ಬಂದಿರಲಿಲ್ಲವಲ್ಲ!

"ಪೇಷಂಟ್ ಯಾವ ಆಸ್ಪತ್ರೇಲಿದಾರಮ್ಮ?" ಎಂದು ಮುಂದಿದ್ದವನು ಏದುಸಿರಲ್ಲಿ ಕೇಳಿದ.

ಹಾರ ಹಾಕಿದ ಫೋಟೊ ತೋರಿಸಿದೆ. ಊಟ ಮಾಡದೆ ಹೋಗಬೇಡಿ ಎಂದೆ.

ಇಪ್ಪತ್ಮೂರು ಎಲೆ ಹೆಚ್ಚಿಗೆ ಹಾಕಿಸಿದೆ. ಎಲ್ಲರದ್ದೂ ಓ ನೆಗೆಟಿವ್. ನಮಗೆ ಕಮ್ಮಿಯಾಗಿದ್ದದ್ದು ಒಬ್ಬ.